ಮೂರು ಸಲ ಕೇಳುವ ನ್ಯಾಯಾಲಯ

"ಡಾಕ್ಟರ್, ಇದು ಎಷ್ಟನೇ ಸಲ?"

ತಲೆಯಿಂದ ಕಿರೀಟ ತೆಗೆದು ಕೂದಲು ಸರಿಮಾಡಿಕೊಳ್ಳುತ್ತ ನ್ಯಾಯಾಧೀಶೆ ಗಿರಿಜಾ ಹೆಬಸೂರ ಕೇಳಿದರು. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಆ ದಿನ ಆಗಲೇ ಒಮ್ಮೆ ಕೇಳಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಹೇಳುವಂತಿರಲಿಲ್ಲ.

"ಹೇಳೂ ಹಂಗಿಲ್ರಿ ಮೇಡಂ."

"ನೀವು ಹೇಳದಿದ್ರ ಹೊಟ್ಟಿ ಹೇಳ್ತದ. ಇದು ಮೊದಲನೇದಲ್ಲ."

ಹೊಟ್ಟೆಯ ಬಾಯಿ ಮುಚ್ಚಿಸಲೆಂದೇ ಪ್ರತಿ ಸಲವೂ ಅವರಿಗೆ ಒಂದು ತಟ್ಟೆ ಅವಲಕ್ಕಿ ಕೊಡುತ್ತಿದ್ದೆವು. ಸೊರಟಗಿ ಜಿಲ್ಲಾ ನ್ಯಾಯಾಲಯದ ಆ ಕೋಣೆಯಲ್ಲಿ ಗಡಿಯಾರ ಇರಲಿಲ್ಲ, ಕಿಟಕಿಗಳಿಗೆ ಹಲಗೆ ಬಡಿಸಿದ್ದೆ. ಆದರೂ ಹೆಬಸೂರ ಮೇಡಂ ಕುತೂಹಲದ ಹೆಣ್ಣು. ಒಮ್ಮೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಿರೀಟ ಧರಿಸಿದ್ದರು, ಎಚ್ಚರವಾದ ಮೇಲೆ ಗಂಟು ಕಂಡರೆ ಎರಡನೆಯ ಸಲ ಎಂದು ತಿಳಿಯಲಿ ಎಂದು. ನಾನು ನೋಡಿಬಿಟ್ಟು ಗಂಟು ಬಿಚ್ಚಿದೆ. ನಾನೂ ಹೆಂಗಸೇ, ಆದರೂ ನ್ಯಾಯಾಧೀಶರ ಸೆರಗಿಗೆ ಕೈಹಾಕಿದ ಏಕೈಕ ವಿಜ್ಞಾನಿ ನಾನೇ ಇರಬೇಕು.

ಈ ಕಿರೀಟ ಹುಟ್ಟಿದ್ದು ಒಂದು ಹಳೆಯ ಕೊರಗಿನಿಂದ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ಸಾಕ್ಷಿಗಳು ಹೇಳುತ್ತಾರೆ. ಎಷ್ಟು ವರ್ಷ ಒಳಗಿರಬೇಕು ಎಂಬುದನ್ನು ಯಾರು ಹೇಳಬೇಕು? ಕಾನೂನು 'ಹತ್ತು ವರ್ಷಗಳವರೆಗೆ' ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಒಂದೇ ಬಗೆಯ ತಪ್ಪಿಗೆ ಒಬ್ಬ ನ್ಯಾಯಾಧೀಶರು ಮೂರು ವರ್ಷ ಕೊಟ್ಟರೆ ಪಕ್ಕದ ಜಿಲ್ಲೆಯವರು ಎಂಟು ಕೊಡುತ್ತಾರೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಓದಿದ್ದು ಅದೇ ಪುಸ್ತಕ. ನಡುವಿನ ಆ ಐದು ವರ್ಷ ಬಂದದ್ದು ಅಪರಾಧದಿಂದಲೋ, ಆ ದಿನದ ಸೆಖೆಯಿಂದಲೋ, ಬೆಳಿಗ್ಗೆ ಮನೆಯಲ್ಲಾದ ಜಗಳದಿಂದಲೋ?

ಇದನ್ನು ಅಳೆಯುವ ದಾರಿ ಒಂದೇ. ಅದೇ ನ್ಯಾಯಾಧೀಶರಿಗೆ ಅದೇ ಪ್ರಕರಣವನ್ನು ಮತ್ತೆ ಮತ್ತೆ ಹೊಸದಾಗಿ ಕೇಳಿಸಬೇಕು. ಅದಕ್ಕೆ ಅವರು ಹಿಂದಿನದನ್ನು ಮರೆತಿರಬೇಕು. ನೆನಪು ನಮ್ಮ ಮಿದುಳಿನಲ್ಲಿ ಕೂಡಲೇ ಗಟ್ಟಿಯಾಗುವುದಿಲ್ಲ. ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಒಂದಷ್ಟು ಹೊತ್ತು ಹಸಿಯಾಗಿರುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪುಗಟ್ಟುವ ಮೊದಲು ಪಾತ್ರೆಯನ್ನು ಅಲುಗಾಡಿಸಿದರೆ ಮೊಸರಾಗುವುದಿಲ್ಲ. ನನ್ನ ಕಿರೀಟ ಮಾಡುವುದು ಅಷ್ಟೇ, ಕಾಂತದ ಅಲೆಗಳಿಂದ ಹಿಂದಿನ ಅರ್ಧ ಗಂಟೆಯನ್ನು ಅಲುಗಾಡಿಸುತ್ತದೆ.

ವಿಚಾರಣೆ ಎಂದಿನಂತೆ ನಡೆಯುತ್ತದೆ, ಅದರ ನೆನಪು ಹಾಗೇ ಉಳಿಯುತ್ತದೆ. ಅಪರಾಧ ಸಾಬೀತಾದ ಮೇಲೆ ಶಿಕ್ಷೆ ಎಷ್ಟೆಂದು ವಾದ ನಡೆಯುವ ಭಾಗವನ್ನು ಮಾತ್ರ ಮೂರು ಸಲ ನಡೆಸುತ್ತೇವೆ. ವಕೀಲರು ಮಾತಾಡುತ್ತಾರೆ. ನ್ಯಾಯಾಧೀಶರು ಅಪರಾಧಿಯನ್ನು "ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಾರೆ. ಅವನು ಹೇಳುತ್ತಾನೆ. ಅವರು ಒಂದು ಸಂಖ್ಯೆ ಬರೆದು ಲಕೋಟೆಗೆ ಹಾಕುತ್ತಾರೆ. ಕಿರೀಟ. ಅವಲಕ್ಕಿ. ಮತ್ತೆ ಮೊದಲಿನಿಂದ. ಕೊನೆಗೆ ಮೂರರ ಸರಾಸರಿಯೇ ಶಿಕ್ಷೆ.

ಕಿರೀಟವನ್ನು ಮೊದಲು ಪ್ರಯೋಗಿಸಿದ್ದು ನನ್ನ ತಲೆಯ ಮೇಲೇ. ಆಗ ಅಲೆಗಳ ಗುರಿ ಇಷ್ಟು ನಿಖರವಾಗಿರಲಿಲ್ಲ. ಅರ್ಧ ಗಂಟೆಯ ಜೊತೆಗೆ ಹಳೆಯದೊಂದು ತುಂಡೂ ಹೋಯಿತು. ಏನು ಹೋಯಿತೆಂದು ಯಾರಿಗೂ ಹೇಳಿರಲಿಲ್ಲ.

ಫಲಿತಾಂಶ ನಾನಂದುಕೊಂಡಂತೆ ಬರಲಿಲ್ಲ. ಒಬ್ಬ ಕಳ್ಳನಿಗೆ ಎರಡು, ಎರಡು, ನಾಲ್ಕು. ಒಬ್ಬ ಮೋಸಗಾರನಿಗೆ ಐದು, ಐದು, ಮೂರು. ಮೇಡಂ ತಲೆಯೊಳಗಿನ ತಕ್ಕಡಿ ಸರಿಯಿಲ್ಲ ಎಂದು ಮೇಲ್ವಿಚಾರಣಾ ಸಮಿತಿ ನಕ್ಕಿತು. ಫ್ಯಾನಿನ ವೇಗ ಒಂದೇ ಮಾಡಿದೆ. ಅವಲಕ್ಕಿಯ ಉಪ್ಪು, ಖಾರ ಒಂದೇ ಮಾಡಿಸಿದೆ. ಮನೆಯವರ ಅಳು, ಗದ್ದಲ ಒಂದೊಂದು ಸಲ ಒಂದೊಂದು ಥರ ಇರುತ್ತದೆಂದು ಎರಡೂ ಕಡೆಯ ಬಂಧುಗಳನ್ನು ಹೊರಗೇ ಕೂರಿಸಿದೆ. ಆ ನಿಯಮ ನನ್ನದೇ, ಅದರ ಬಗ್ಗೆ ನನಗೆ ಜಂಬವೂ ಇತ್ತು. ಏನು ಮಾಡಿದರೂ ಮೂರನೆಯ ಸಂಖ್ಯೆ ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ಬೇರೆ ದಾರಿಗೇ ಹೋಗುತ್ತಿತ್ತು.

ಆ ಹೊತ್ತಿಗೆ ಮೈಲಾರಿಯ ಪ್ರಕರಣ ಬಂತು.

ಮೈಲಾರಿ ಸೊರಟಗಿಯ ಪೇಟೆಯಲ್ಲಿ ಅಕ್ಕನ ಗಂಡ ನಿಂಗರಾಜನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಅಲ್ಲಿ ಜನ ಸಾಲಿನಲ್ಲಿ ನಿಲ್ಲುವುದಿಲ್ಲ, ಕಾಳಿನ ಡಬ್ಬಿ ಇಟ್ಟು ಮನೆಗೆ ಹೋಗುತ್ತಾರೆ, ಡಬ್ಬಿಗಳೇ ಸಾಲಿನಲ್ಲಿ ನಿಲ್ಲುತ್ತವೆ. ಆ ದಿನ ನಿಂಗರಾಜ ಬೇಕಾದವರೊಬ್ಬರ ಡಬ್ಬಿಯನ್ನು ಸರದಿ ತಪ್ಪಿಸಿ ಮುಂದಿಟ್ಟ. ಮೈಲಾರಿ ಅದನ್ನು ಹಿಂದಕ್ಕಿಟ್ಟ. ಮಾತಿಗೆ ಮಾತು ಬೆಳೆಯಿತು, ಮೈಲಾರಿ ನೂಕಿದ. ನಿಂಗರಾಜ ಕಟ್ಟೆಯಿಂದ ಹಿಮ್ಮುಖವಾಗಿ ಬಿದ್ದ, ತಲೆ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. 'ಬಿದ್ದ ಕೂಡಲೇ ಎಚ್ಚರ ತಪ್ಪಿದ, ನಾನು ಜನರನ್ನು ಕೂಗಿದೆ, ಅಷ್ಟರಲ್ಲಿ ಜೀವ ಹೋಗಿತ್ತು' ಎಂದು ಮೈಲಾರಿ ಹೇಳಿದ್ದ. ಅಲ್ಲಗಳೆಯುವವರು ಯಾರೂ ಅಲ್ಲಿರಲಿಲ್ಲ. ಕೊಲೆಯಲ್ಲದ ನರಹತ್ಯೆ ಎಂದು ತೀರ್ಪಾಯಿತು. ಇನ್ನು ಉಳಿದದ್ದು ಎಷ್ಟು ವರ್ಷ ಎಂಬುದು.

ನಾನು ಗಾಜಿನ ಆಚೆಯ ಸಣ್ಣ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದೆ. ಸತ್ತವನ ಹೆಂಡತಿ, ಮೈಲಾರಿಯ ಅಕ್ಕ ಫಕ್ಕೀರವ್ವ, ನನ್ನ ನಿಯಮದಂತೆ ಹೊರಗಿನ ಬೆಂಚಿನ ಮೇಲಿದ್ದಳು.

ಮೊದಲನೆಯ ಸಲ ಮೇಡಂ ಕೇಳಿದರು. "ಮೈಲಾರಿ, ಶಿಕ್ಷಾದ ಬಗ್ಗೆ ಏನರ ಹೇಳೋದದ ಏನು?"

"ವಯಸ್ಸಾದ ತಾಯಿ ಅದಾಳ್ರಿ. ಸಣ್ಣ ಮಕ್ಕಳದಾವ್ರಿ. ದುಡಿಯಾಂವ ನಾ ಒಬ್ಬನ. ದಯಾ ತೋರಸ್ರಿ."

ಮೇಡಂ ನಾಲ್ಕು ಎಂದು ಬರೆದರು.

ಎರಡನೆಯ ಸಲ ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಮೈಲಾರಿ ಈ ಸಲ ಅವರ ಮುಖವನ್ನೇ ನೋಡುತ್ತಿದ್ದ. ತನ್ನ ಮಾತು ಅಲ್ಲಿ ಒಂದಿಷ್ಟೂ ಉಳಿದಿಲ್ಲ ಎಂಬುದನ್ನು ಅವನು ಕಂಡುಕೊಂಡ ಹಾಗಿತ್ತು. ಮತ್ತೆ ನಾಲ್ಕು.

ಮೂರನೆಯ ಸಲ ಅವನು ಕಟಕಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವನ ವಕೀಲ ಇನಾಮದಾರರು "ಹೇಳಪಾ, ತಾಯಿ ಅದಾಳ ಅಂತ ಹೇಳು" ಎಂದು ಪಿಸುಗುಟ್ಟಿದರು.

"ಅವ್ವ ಇಲ್ರಿ," ಎಂದ ಮೈಲಾರಿ. "ಸತ್ತು ನಾಕ್ ವರ್ಸಾತು. ಹಂಗ ಹೇಳು ಅಂದಿದ್ರು, ಹೇಳಿದೆ. ನಿಂಗರಾಜ ಬಿದ್ದ ಕೂಡ್ಲೆ ಸಾಯಲಿಲ್ರಿ. ಕರದ. ಗಿರಣಿ ನಡದಿತ್ತು. ಗಿರಣಿ ಬಂದ್ ಮಾಡಿದ್ರ ಆಜುಬಾಜು ಮಂದಿಗೆ ಕೇಳಸ್ತಿತ್ತು. ನಾ ಬಂದ್ ಮಾಡ್ಲಿಲ್ಲ. ಸಿಟ್ಟಿತ್ತು. ಗಿರಣಿ ಬಾಯಾಗ ಇನ್ನೂ ಅರ್ಧ ಚೀಲ ಜ್ವಾಳ ಇತ್ತು, ಅದು ಮುಗೀಲಿ, ಆಮ್ಯಾಲ ನೋಡೂಣು ಅಂದ್ಕೊಂಡೆ. ಜ್ವಾಳ ಮುಗಿದ ಮ್ಯಾಲ ನೋಡಿದೆ."

ಇನಾಮದಾರರು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೇಡಂ ಏಳು ಎಂದು ಬರೆದರು. ಲಕೋಟೆ ಮುಚ್ಚಿತು. ಮೂರರಲ್ಲಿ ಯಾವುದೂ ನೆನಪಿನಲ್ಲಿ ಉಳಿಯಬಾರದೆಂಬ ನಿಯಮದಂತೆ ನಾನು ಕಿರೀಟ ಹಾಕಿದೆ. ಆ ಮಾತು ಅವರ ತಲೆಯಿಂದ ಅಳಿಸಿಹೋಯಿತು.

"ಡಾಕ್ಟರ್, ಮುಗೀತೇನು? ಯಾಕ ಹಿಂಗ ಬೆವತೀರಿ?" ಎಂದು ಕೇಳಿದರು.

"ಸೆಖೆ ಮೇಡಂ," ಎಂದೆ.

ಸರಾಸರಿ ಐದು. ಮರುದಿನ ಘೋಷಣೆ.

ಸಂಜೆ ಮನೆಗೆ ಬಂದಾಗ ಗಂಡ ಮುಕುಂದ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ. ಪಕ್ಕದಲ್ಲಿ ಅತ್ತೆ ಚಂಪಕ್ಕ ಕಡ್ಡಿಗಳನ್ನೂ ಎಲೆಗಳನ್ನೂ ಮತ್ತೆ ಒಂದು ಮಾಡುತ್ತಿದ್ದರು. ಅತ್ತೆಗೆ ಎರಡು ವರ್ಷದಿಂದ ನೆನಪು ನಿಲ್ಲುವುದಿಲ್ಲ. ಅವರಿಗೆ ಕಿರೀಟವೇ ಬೇಡ, ದೇವರೇ ಹಾಕಿಬಿಟ್ಟಿದ್ದಾನೆ.

"ನಳಿನಿ, ಆರಾಮ ಇದ್ದೀಯೇನವಾ?"

"ಆರಾಮ ಅತ್ತಿ."

ಸೀರೆ ಬದಲಿಸಿ ಬಂದೆ.

"ನಳಿನಿ, ಆರಾಮ ಇದ್ದೀಯೇನವಾ?"

"ಹೂಂ ಅತ್ತಿ, ಆರಾಮ."

ಮುಕುಂದ ಸೊಪ್ಪು ತೊಳೆಯಲು ಒಳಗೆ ಹೋದ. ಅತ್ತೆ ಮೂರನೆಯ ಸಲ ಕೇಳಿದರು, ಅದೇ ಪ್ರೀತಿಯಿಂದ, ಈಗಷ್ಟೇ ನೋಡಿದವರ ಹಾಗೆ. ನನಗೆ ಏನಾಯಿತೋ.

"ಆರಾಮಿಲ್ಲ ಅತ್ತಿ. ನಮ್ಮ ಮದುವಿ ಮಧ್ಯಾಹ್ನ ನನಗ ನೆನಪಿಲ್ಲ. ಯಂತ್ರ ಅಳಿಸ್ಯದ. ನಿಮ್ಮ ಮಗ ಆ ಬಾಸಿಂಗದ ಕಥಿ ಹೇಳಿದಾಗೆಲ್ಲ ನಾ ಸುಳ್ಳ ನಗತೀನಿ."

"ಅಯ್ಯ ನನ್ನವ್ವಾ," ಎಂದು ಅತ್ತೆ ನನ್ನ ಕೆನ್ನೆ ಸವರಿದರು. ಸ್ವಲ್ಪ ಹೊತ್ತಿಗೆ ಮತ್ತೆ, "ನಳಿನಿ, ಆರಾಮ ಇದ್ದೀಯೇನವಾ?"

ನಾನು ಕಣ್ಣೊರೆಸಿಕೊಳ್ಳುತ್ತಿದ್ದವಳು ತಟಕ್ಕನೆ ನಿಂತೆ. ನಿಜ ಬಾಯಿಗೆ ಬಂದದ್ದು ಮೂರನೆಯ ಸಲ. ಮೊದಲೆರಡು ಸಲ ನಾನು ಹೇಳಿದ್ದು ಉತ್ತರವಲ್ಲ, ಬಾಯಿಪಾಠ. ಅತ್ತೆ ಮೂರು ಸಲವೂ ಒಂದೇ. ಬದಲಾದವಳು ನಾನು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಹಳೆಯ ಪ್ರಕರಣಗಳ ಧ್ವನಿಮುದ್ರಣಗಳನ್ನೆಲ್ಲ ಕೇಳಿದೆ. ಇಷ್ಟು ದಿನ ನ್ಯಾಯಾಧೀಶರ ಮಿದುಳಿನ ಗೆರೆಗಳನ್ನೇ ನೋಡುತ್ತಿದ್ದೆನೇ ಹೊರತು ಕಟಕಟೆಯಲ್ಲಿ ನಿಂತವರು ಏನೆನ್ನುತ್ತಾರೆಂದು ಕಿವಿಗೊಟ್ಟಿರಲಿಲ್ಲ. ಮೊದಲ ಸಲ ಎಲ್ಲರಿಗೂ ವಯಸ್ಸಾದ ತಾಯಿ, ಎಲ್ಲರಿಗೂ ಸಣ್ಣ ಮಕ್ಕಳು. ಮದುವೆಯೇ ಆಗದ ಒಬ್ಬನಿಗೂ ಮಕ್ಕಳಿದ್ದವು. ಮೂರನೆಯ ಸಲಕ್ಕೆ ತಾಯಂದಿರು ಮಾಯ. ಕಳ್ಳ, ಇನ್ನೂ ಎರಡು ಮನೆ ಒಡೆದಿದ್ದೆ ಎಂದಿದ್ದ. ಮೋಸಗಾರ, ತಮ್ಮ ಹಾಕಿದ ಕಳ್ಳ ಸಹಿಯ ತಪ್ಪನ್ನು ನನ್ನ ಮೇಲೆ ಹಾಕಿಕೊಂಡಿದ್ದೇನೆ ಎಂದು ಅತ್ತಿದ್ದ. ಮೇಡಂ ತಕ್ಕಡಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಮೂರನೆಯ ಸಲ ತಟ್ಟೆಗೆ ಬೀಳುತ್ತಿದ್ದ ವಸ್ತುವೇ ಬೇರೆ.

ಖುಷಿಯಿಂದ ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರಿಗೆ ನನಗಿಂತ ಖುಷಿಯಾಯಿತು. "ಹಾಗಾದರೆ ಸುಲಭವಾಯಿತಲ್ಲ. ಅವನ ಉತ್ತರವನ್ನು ಒಂದೇ ಸಲ ರೆಕಾರ್ಡ್ ಮಾಡಿ, ಮೂರು ಸಲ ಅದನ್ನೇ ಕೇಳಿಸಿ. ಸಂಖ್ಯೆಗಳು ತಾಳೆಯಾಗುತ್ತವೆ. ಯಂತ್ರ ಗೆದ್ದ ಹಾಗೆ."

ಅವರು ಹೇಳಿದ್ದು ನಿಜ. ಹಾಗೆ ಮಾಡಿದರೆ ಮೂರೂ ಸಲ ನಾಲ್ಕೇ ಬರುತ್ತಿತ್ತು, ಪತ್ರಿಕೆಗಳಲ್ಲಿ ನನ್ನ ಚಿತ್ರವೂ ಬರುತ್ತಿತ್ತು. ಆಮೇಲೆ ತಿಳಿಸುತ್ತೇನೆಂದು ಫೋನು ಇಟ್ಟೆ.

ಮೇಡಂ ಅವರ ಕೋಣೆಯಲ್ಲಿ ಆಗಲೇ ಜಗಳ ಶುರುವಾಗಿತ್ತು. ಇನಾಮದಾರರು ಆಕ್ಷೇಪಣೆ ತಂದಿದ್ದರು.

"ಕಾನೂನು ಕೇಳು ಅಂತದ, ಮೂರು ಸಲ ಕೇಳು ಅನ್ನೋದಿಲ್ಲ. ಮೂರು ಸಲ ಕೇಳೋದು ಕೇಳೋದಲ್ಲ ಮೇಡಂ, ಹಿಂಡೋದು. ಮೂರನೇ ಉತ್ತರಾ ತಗದುಬಿಡಬೇಕು."

ಸರಕಾರಿ ವಕೀಲರು ಮೂರನೆಯದೇ ಮುಖ್ಯ, ಅದನ್ನು ಬಿಡಕೂಡದು ಎಂದು ಪಟ್ಟು ಹಿಡಿದರು.

ಮೇಡಂ ಇಬ್ಬರನ್ನೂ ನೋಡಿದರು. "ನಿಮಗೆಲ್ಲಾ ಗೊತ್ತದ ಅಂವ ಏನಂದಾನ ಅಂತ. ನನ್ನ ಕಿವಿಗೇ ಹೇಳ್ಯಾನ, ನನಗ ಗೊತ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರ್, ಮೂರು ಉತ್ತರಾ ಬ್ಯಾರೆ ಬ್ಯಾರೆ ಅವ ಏನು?"

ನಿಯಮ ಮುರಿದು ಹೌದೆಂದೆ. ಬೆಳಿಗ್ಗೆ ಕೇಳಿದ ಮುದ್ರಣಗಳ ವಿಷಯವನ್ನೂ ಹೇಳಿದೆ, ಮೈಲಾರಿಯ ಮಾತೊಂದನ್ನು ಬಿಟ್ಟು. ಲಕೋಟೆ ಮೇಜಿನ ಮೇಲೇ ಇತ್ತು. ಅಂದು ಸೆರಗಿಗೆ ಗಂಟು ಹಾಕಿಕೊಂಡಿದ್ದ ಮೇಡಂ ಅದರ ಮೇಲೆ ಕೈಯಿಟ್ಟು, ಅಂಚನ್ನು ಸವರಿ, ಪಕ್ಕಕ್ಕೆ ಸರಿಸಿದರು.

"ಒಳಗೇನದ ಅಂತ ನನ್ನ ಜೀವ ತುಡೀಲಿಕತ್ತದ. ಆದ್ರ ನೋಡೋದಿಲ್ಲ. ಇನಾಮದಾರ, ನಿಮ್ಮ ಮಾತು ಅರ್ಧ ಖರೆ. ಮೂರೂ ರದ್ದು. ಈಗ ಒಂದೇ ಸಲ ಕೇಳ್ತೀನಿ, ಕಿರೀಟ ಬ್ಯಾಡ. ಹೊರಗ ಕೂತಾಕಿ ಯಾರು?"

"ಸತ್ತವನ ಹೆಂಡತಿರಿ. ಮನೆಯವರು ಒಳಗಿರಬಾರದು ಅಂತ ನಾನೇ ನಿಯಮ ಮಾಡಿದ್ದೆ."

"ಯಾಕ?"

"ಅವರ ಮುಖ ನೋಡಿದ್ರ ಸಂಖ್ಯೆ ಅಲುಗಾಡ್ತದ ಅಂತ."

"ಅಲುಗಾಡ್ಲಿ," ಎಂದರು ಮೇಡಂ. "ಕರೀರಿ ಒಳಗ."

ವಿಚಾರಣೆಯ ಕೋಣೆಗೆ ಬಂದು ಕಿಟಕಿಯ ಹಲಗೆಗಳನ್ನು ಕೀಳಿಸಿದರು. ಎಷ್ಟೋ ತಿಂಗಳ ಮೇಲೆ ಆ ಕೋಣೆಗೆ ಬಿಸಿಲು ಬಂತು, ಜೊತೆಗೆ ರಸ್ತೆಯ ಹಾರನ್ನೂ ಬಂತು. ಫಕ್ಕೀರವ್ವ ಬಂದು ಮುಂದಿನ ಸಾಲಿನಲ್ಲಿ ಕೂತಳು. ಅವಳನ್ನು ಕಂಡದ್ದೇ ಮೈಲಾರಿಯ ಮುಖ ಬಿಳಿಚಿತು. ಇನಾಮದಾರರು ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ನಿನ್ನೀದೆಲ್ಲಾ ಹೋತು. ಅವರಿಗೆ ಏನೂ ಗೊತ್ತಿಲ್ಲ. ಮೊದಲ ಹೇಳಿದ್ದ ಹೇಳು, ಮೂರ್ನಾಕ್ ವರ್ಷದಾಗ ಮನೀಗೆ ಬರ್ತಿ. ತಿಳೀತಿಲ್ಲೋ?"

ನಾನು ಗಾಜಿನ ಕೋಣೆ ಬಿಟ್ಟು ಬಾಗಿಲಲ್ಲಿ ನಿಂತೆ. ಅವನು ಬಾಯಿಪಾಠ ಒಪ್ಪಿಸಿದರೆ ಯಾರೂ ಅವನನ್ನು ಏನೂ ಮಾಡುವಂತಿರಲಿಲ್ಲ. ನಿನ್ನೆ ಅವನು ನಿಜ ಹೇಳಿದ್ದು ಮರೆಯುವವರ ಮುಂದೆ. ಅದು ಎಷ್ಟು ಸುಲಭ ಎಂದು ನನಗೂ ಗೊತ್ತಿತ್ತು. ಇವತ್ತು ಕೇಳಿದವರು ಯಾರೂ ಮರೆಯುವುದಿಲ್ಲ, ಅಕ್ಕನಂತೂ ಸಾಯುವವರೆಗೆ ಮರೆಯುವುದಿಲ್ಲ.

"ಮೈಲಾರಿ," ಎಂದರು ಮೇಡಂ. "ಶಿಕ್ಷಾದ ಬಗ್ಗೆ ಏನರ ಹೇಳೋದದ ಏನು?"

"ವಯಸ್ಸಾದ ತಾಯಿ..." ಎಂದು ಶುರುಮಾಡಿದ. ಫಕ್ಕೀರವ್ವ ತಲೆ ಎತ್ತಿದಳು. ಅವ್ವನ ಹೆಣಕ್ಕೆ ನೀರು ಹಾಕಿದವಳು ಅವಳೇ. ಅವನ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅವನು ನ್ಯಾಯಾಧೀಶರನ್ನು ನೋಡಲಿಲ್ಲ.

"ಅಕ್ಕಾ, ಅಂವ ಕೂಡ್ಲೆ ಸಾಯಲಿಲ್ಲ. ಕರದ. ನಾ ಗಿರಣಿ ಬಂದ್ ಮಾಡ್ಲಿಲ್ಲ. ಜ್ವಾಳ ಮುಗಿಯೂಮಟ ಬಂದ್ ಮಾಡ್ಲಿಲ್ಲ."

ಫಕ್ಕೀರವ್ವ ಎದ್ದು ನಿಂತಳು. ಅವಳನ್ನು ಕೂರಿಸಲು ಬಂದ ಪೇದೆಗೆ ಮೇಡಂ ಕೈ ಸನ್ನೆಯಲ್ಲೇ ಬೇಡವೆಂದರು.

"ಯಾರನ್ನ ಕರದ?"

"ನನ್ನ ಅಕ್ಕಾ. 'ಮೈಲಾರಿ' ಅಂತ ಕರದ. ಎರಡು ಸಲ."

"ನಿನ್ನ ಮ್ಯಾಲ ಸಿಟ್ಟೀಲೆ ಕರದನೇನು?"

"ಇಲ್ಲ. ದಿನಾ ಊಟಕ್ಕ ಕರದಂಗ ಕರದ."

ಅವಳು ತಮ್ಮನನ್ನೇ ನೋಡಿದಳು. ಬೈಯಲಿಲ್ಲ, ಅಳಲೂ ಇಲ್ಲ. "ಒಬ್ಬನ ಅನಾಥನಂಗ ಸತ್ತನೇನು ಅಂತ ದಿನಾ ವಿಚಾರ ಮಾಡ್ತಿದ್ದೆ. ಏನರ ಅಂದನೇನು ಅಂತ. ನೀ ಒಂದು ಸಲ ಹೇಳಿದ್ರ ಆಗ್ತಿತ್ತಲ್ಲೋ," ಎಂದಳು. "ಇಷ್ಟ ಬೇಕಾಗಿತ್ತು ನನಗ." ಮತ್ತೆ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮೇಡಂ ಆರು ವರ್ಷ ಎಂದು ಓದಿದರು. ಮೈಲಾರಿ ಕೈ ಮುಗಿದ. ಪೊಲೀಸರು ಕರೆದುಕೊಂಡು ಹೋಗುವಾಗ ಅಕ್ಕ ಸೆರಗು ಸರಿಸಿ ಅವನು ಬಾಗಿಲು ದಾಟುವವರೆಗೂ ನೋಡಿದಳು.

ತಮ್ಮ ಕೋಣೆಗೆ ಬಂದ ಮೇಲೆ ಮೇಡಂ ಲಕೋಟೆಯನ್ನು ಹೆಚ್ಚುಕಡಿಮೆ ಹರಿದೇಬಿಟ್ಟರು. ಮೂರೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕು. ನಾಲ್ಕು. ಏಳು. ಅದು ತಮ್ಮದೇ ಅಕ್ಷರ ಎಂಬುದನ್ನು ನಂಬದವರ ಹಾಗೆ ಮೂರನೆಯದನ್ನು ಬೆಳಕಿಗೆ ಹಿಡಿದರು.

"ಇದೇ ಮಾತು ಹೇಳಿದ್ನೇನು ನಿನ್ನೆ?"

"ಇದೇ ಮಾತು. ಇನ್ನೂ ವಿವರವಾಗಿ ಹೇಳಿದ್ದ. ನಿನ್ನೆ ಏಳು ಕೊಟ್ರಿ, ಇವತ್ತು ಆರು. ಆ ಒಂದು ವರ್ಷ ಎಲ್ಲಿ ಹೋತು ಮೇಡಂ?"

ನಾನು ವಿಜ್ಞಾನಿಯಾಗಿಯೇ ಕೇಳಿದ್ದೆ, ವರದಿಗೆ ಬೇಕಾಗಿತ್ತು. ಅವರು ಚೀಟಿಯನ್ನು ಮಡಚಿ ನನ್ನ ಕೈಯಲ್ಲಿಟ್ಟರು.

"ನಿನ್ನೆ ಅಂವ ನನಗ ಹೇಳ್ಯಾನ. ನಾ ಮರ್ಯಾಕಿ ಅಂತ ಅವಗ ಗೊತ್ತಿತ್ತು. ಇವತ್ತು ಅಕ್ಕಗ ಹೇಳ್ಯಾನ. ಒಂದು ವರ್ಷ ಅದಕ್ಕ ಹೋತು ಅಂತ ಬರಕೋರಿ."

ಸಮಿತಿಗೆ ಹಾಗೆಯೇ ಬರೆದೆ. ಕಿರೀಟ ಅಳೆದದ್ದು ನ್ಯಾಯಾಧೀಶರನ್ನಲ್ಲ, ಕಟಕಟೆಯಲ್ಲಿ ನಿಂತವರನ್ನು, ಬಂಧುಗಳನ್ನು ಹೊರಗಿಟ್ಟ ನನ್ನ ನಿಯಮ ತಪ್ಪು, ಉತ್ತರವನ್ನು ಮುದ್ರಿಸಿ ಕೇಳಿಸುವ ಯೋಜನೆಗೆ ನಾನು ಸಹಿ ಹಾಕುವುದಿಲ್ಲ ಎಂದೂ ಬರೆದೆ. ಯಂತ್ರಕ್ಕೆ ಕೊಟ್ಟ ಅನುದಾನ ನಿಲ್ಲುತ್ತದೆ ಎಂದು ಗೊತ್ತಿತ್ತು. ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಆ ಸಂಜೆ ಮುಕುಂದ ಚಹಾ ಮಾಡಿಕೊಟ್ಟು ಎದುರಿಗೆ ಕೂತ. ಅತ್ತೆ ಮಂಚದ ಮೇಲಿಂದ, "ನಳಿನಿ, ಆರಾಮ ಇದ್ದೀಯೇನವಾ?" ಎಂದು ಕೇಳಿದರು.

ನಾನು ಅತ್ತೆಯ ಕಡೆ ನೋಡಲಿಲ್ಲ. "ಆರಾಮಿಲ್ಲ," ಎಂದು ಮುಕುಂದನಿಗೆ ಹೇಳಿದೆ. "ನಮ್ಮ ಮದುವಿ ಮಧ್ಯಾಹ್ನ ನನಗ ನೆನಪಿಲ್ಲ. ಮೊದಲನೇ ಪ್ರಯೋಗದಾಗ ಹೋತು. ಎಂದೂ ಹೇಳಲಿಲ್ಲ."

ಅವನು ಕಪ್ಪನ್ನು ಕೆಳಗಿಟ್ಟ. ಮುಖದಲ್ಲಿ ನೋವು ಕಂಡಿತು, ಅದು ಬರುತ್ತದೆಂದು ಹೆದರಿಯೇ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

"ಹಂಗಾರ ಇಷ್ಟು ವರ್ಷ ಬಾಸಿಂಗದ ಕಥಿಗೆ ನಕ್ಕಿದ್ದು?"

"ನೀ ನಗತಿದ್ದೆಲ್ಲ, ಅದಕ್ಕ."

ಚಹಾ ಆರಿತು. ಆಮೇಲೆ ಅವನು ಎದ್ದು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತ, ನನಗೂ ಅಲ್ಲೇ ಜಾಗ ತೋರಿಸಿದ.

"ಕೇಳು ಹಂಗಾರ. ಊಟಕ್ಕ ಕೂತಿದ್ವಿ. ನೀ ನನ್ನ ಎಡಕ್ಕ ಇದ್ದಿ."

ಬಾಸಿಂಗ ಜಾರಿ ಶ್ಯಾವಿಗೆ ಪಾಯಸದ ಬಟ್ಟಲಿಗೆ ಬಿದ್ದದ್ದು, ಚಿಕ್ಕಪ್ಪ ಅದನ್ನು ತೊಳೆದು ಬಿಸಿಲಿಗಿಟ್ಟದ್ದು, ನಾಯಿ ಕಚ್ಚಿಕೊಂಡು ಓಡಿದ್ದು, ಚಿಕ್ಕಪ್ಪ ಒದ್ದೆ ಪಂಚೆಯಲ್ಲೇ ಬಸ್ ನಿಲ್ದಾಣದವರೆಗೆ ಅಟ್ಟಿಸಿಕೊಂಡು ಹೋದದ್ದು, ಎಲ್ಲವನ್ನೂ ಹೇಳಿದ. ಅತ್ತೆಯೂ ನಾನೂ ಇಬ್ಬರೂ ಅದನ್ನು ಮೊದಲ ಸಲವೆಂಬಂತೆ ಕೇಳಿದೆವು. ಪ್ರತಿ ವರ್ಷ ನಾನು ನಾಯಿ ಬಂದಾಗ ನಗುತ್ತಿದ್ದೆ. ಈ ಸಲ ಅದಕ್ಕಿಂತ ಮೊದಲೇ, ಬಟ್ಟಲಿನ ಹತ್ತಿರವೇ ನಗು ಬಂತು.